ಡೆಲಿವರಿ ವ್ಯಾನ್ ಚಾಲನೆಯ ತರಬೇತಿ: ಓಡಿಸುವುದಕ್ಕಿಂತ ಮೊದಲು ನಿಲ್ಲಿಸುವುದನ್ನು ಕಲಿಯಿರಿ

ಕಾರು ಓಡಿಸಲು ಬರುವವರಿಗೆ ವ್ಯಾನ್ ಓಡಿಸುವುದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ ಎಂಬ ನಂಬಿಕೆ ಈ ಉದ್ಯೋಗದಲ್ಲಿ ಬಲವಾಗಿ ಬೇರೂರಿದೆ. ಯುರೋಪಿನ ದೇಶಗಳೂ ಸೇರಿದಂತೆ ಹಲವೆಡೆ, ಒಟ್ಟು ತೂಕ 3,500 ಕೆ.ಜಿ. ಮೀರದ ವ್ಯಾನನ್ನು ಕಾರಿನ ಪರವಾನಗಿಯಲ್ಲಿಯೇ ಓಡಿಸಲು ಕಾನೂನು ಅವಕಾಶ ಕೊಡುವುದರಿಂದ ಈ ನಂಬಿಕೆಗೆ ಇನ್ನಷ್ಟು ಇಂಬು ಸಿಕ್ಕಿದೆ. ಆದರೆ ಡೆಲಿವರಿ ಚಾಲಕರ ಒಂದು ದಿನದ ಕೆಲಸವನ್ನು ಹತ್ತಿರದಿಂದ ನೋಡಿದರೆ, ನೇರ ರಸ್ತೆಯಲ್ಲಿ ಗಾಡಿ ಓಡಿಸುವ ಹೊತ್ತಿಗಿಂತ ನಿಲ್ಲಿಸಲು ಜಾಗ ಹುಡುಕುವ, ಹಿಂದಕ್ಕೆ ತೆಗೆಯುವ, ಬಾಗಿಲು ತೆರೆದು ಇಳಿಯುವ, ಮರಳಿ ಹತ್ತಿ ಸಂಚಾರದೊಳಗೆ ಸೇರಿಕೊಳ್ಳುವ ಕ್ಷಣಗಳೇ ಹೆಚ್ಚು ಎಚ್ಚರವನ್ನು ಬೇಡುತ್ತವೆ ಎಂಬುದು ತಿಳಿಯುತ್ತದೆ. ಸ್ವಂತ ಕಾರಿನವರು ದಿನಕ್ಕೆ ನಾಲ್ಕಾರು ಬಾರಿ ಮಾಡುವ ಈ ಕೆಲಸವನ್ನು ಪಾರ್ಸೆಲ್ ಹಂಚುವವರು ನೂರು ಬಾರಿಯೂ ಮಾಡಬೇಕಾಗಿ ಬರುತ್ತದೆ. ಆದ್ದರಿಂದ ವ್ಯಾನ್ ಚಾಲಕರ ತರಬೇತಿಯನ್ನು ನಿಲುಗಡೆಯ ಸುತ್ತ ಕಟ್ಟಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಇಲ್ಲಿನ ಕ್ರಮವನ್ನು ಆ ದೃಷ್ಟಿಯಿಂದಲೇ ಬರೆದಿದ್ದೇನೆ.

ಸಂಚಾರ ನಿಯಮಗಳು ಒಂದೊಂದು ದೇಶದಲ್ಲಿ ಒಂದೊಂದು ರೀತಿ ಇರುವುದರಿಂದ ಅವುಗಳನ್ನು ನೀವು ಕೆಲಸ ಮಾಡುವ ಕಡೆಯ ಅಧಿಕೃತ ಕೈಪಿಡಿಯಿಂದಲೇ ಓದಿಕೊಳ್ಳಬೇಕು. ಗಾಡಿಯ ತೂಕ, ಟೈರಿನ ಹಿಡಿತ, ಮನುಷ್ಯನ ಕಣ್ಣಿನ ಮಿತಿ ಇವು ಎಲ್ಲೆಡೆಯೂ ಒಂದೇ ಆಗಿರುವುದರಿಂದ ಈ ಬರಹ ಅವುಗಳಿಗೆ ಸೀಮಿತವಾಗಿದೆ.

ನಿಂತ ಗಾಡಿಯಲ್ಲೇ ಮೊದಲ ಪಾಠ

ತರಬೇತಿಯ ಮೊದಲ ದಿನ ಗಾಡಿಯನ್ನು ಚಾಲೂ ಮಾಡುವ ಅಗತ್ಯವೇ ಇಲ್ಲ. ಮೊದಲು ಗಾಡಿಯ ಉದ್ದ, ಕನ್ನಡಿಗಳನ್ನೂ ಸೇರಿಸಿದ ಅಗಲ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಎತ್ತರವನ್ನು ಅಳತೆ ಪಟ್ಟಿ ಹಿಡಿದು ನೀವೇ ಅಳೆಯಿರಿ. ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗೆ ಕಾಣುವಂತೆ ಅಂಟಿಸಿ. ಕಾರಿನಿಂದ ವ್ಯಾನಿಗೆ ಬಂದವರು ಮರೆಯುವ ಅಳತೆ ಇದೇ. ಕಾರಿನಲ್ಲಿ ತಲೆಯ ಮೇಲೆ ಏನಿದೆ ಎಂದು ಯೋಚಿಸುವ ಪ್ರಸಂಗವೇ ಬರುವುದಿಲ್ಲವಾದ್ದರಿಂದ, ನೆಲಮಾಳಿಗೆಯ ಪಾರ್ಕಿಂಗ್, ಕೆಳಸೇತುವೆ, ರಸ್ತೆಗೆ ಚಾಚಿದ ಕೊಂಬೆ, ಅಂಗಡಿಯ ಮುಂದಿನ ಚಪ್ಪರ ಇವೆಲ್ಲ ಹೊಸ ಚಾಲಕರ ಗಮನಕ್ಕೆ ಬರುವ ಹೊತ್ತಿಗೆ ಗಾಡಿಯ ನೆತ್ತಿ ತಗುಲಿರುತ್ತದೆ.

ನಂತರ ಆಸನ. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು, ಬೆನ್ನು ಆಸನಕ್ಕೆ ಒರಗಿರುವಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿಗೆ ತಾಗಬೇಕು. ಆಸನ ಸರಿಹೋದ ಮೇಲೆಯೇ ಕನ್ನಡಿಗಳನ್ನು ಹೊಂದಿಸಬೇಕು. ಈ ಕ್ರಮ ತಿರುಗುಮುರುಗಾದರೆ ಹೊಂದಿಸಿದ್ದೆಲ್ಲ ವ್ಯರ್ಥವಾಗುತ್ತದೆ. ಪಕ್ಕದ ಕನ್ನಡಿಯ ಒಳಅಂಚಿನಲ್ಲಿ ನಿಮ್ಮ ಗಾಡಿಯ ಮೈ ಒಂದು ತೆಳು ಗೆರೆಯಷ್ಟು ಕಾಣಬೇಕು. ಆ ಗೆರೆ ಇದ್ದರೆ ಬೇರೆ ವಾಹನ ನಿಮ್ಮಿಂದ ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡಲು ಕಣ್ಣಿಗೆ ಒಂದು ಆಧಾರ ಸಿಗುತ್ತದೆ. ಮುಖ್ಯ ಕನ್ನಡಿಯ ಕೆಳಗಿರುವ ಉಬ್ಬುಗನ್ನಡಿ ಹೆಚ್ಚು ಜಾಗವನ್ನು ತೋರಿಸುತ್ತದೆ, ಆದರೆ ಎಲ್ಲವನ್ನೂ ಚಿಕ್ಕದಾಗಿ ತೋರಿಸುವುದರಿಂದ ಹತ್ತಿರದ ಬೈಕ್ ಕೂಡ ದೂರದಲ್ಲಿ ಇದ್ದಂತೆ ಭಾಸವಾಗುತ್ತದೆ. ಆದ್ದರಿಂದ ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ತಿಳಿಯಲು ಉಬ್ಬುಗನ್ನಡಿಯನ್ನೂ, ಅವರು ಎಷ್ಟು ದೂರದಲ್ಲಿದ್ದಾರೆ ಎಂದು ತಿಳಿಯಲು ಮುಖ್ಯ ಕನ್ನಡಿಯನ್ನೂ ನೋಡುವ ರೂಢಿ ಮಾಡಿಕೊಳ್ಳಬೇಕು.

ಹೆಚ್ಚಿನ ಸರಕು ವ್ಯಾನುಗಳಲ್ಲಿ ಹಿಂದಿನ ಕಿಟಕಿಯೇ ಇರುವುದಿಲ್ಲ. ಹಾಗಾಗಿ ಕಣ್ಣಿಗೆ ಬೀಳದ ಜಾಗ ಎಷ್ಟಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಅದನ್ನು ನೆಲದ ಮೇಲೆ ಬರೆದು ನೋಡಬೇಕು. ಒಂದು ತೆರೆದ ಅಂಗಳದಲ್ಲಿ ಗಾಡಿ ನಿಲ್ಲಿಸಿ ನೀವು ಚಾಲಕರ ಆಸನದಲ್ಲಿ ಕುಳಿತುಕೊಳ್ಳಿ. ಜೊತೆಯವರು ಸುಮಾರು 1 ಮೀಟರ್ ಎತ್ತರದ ಕೋನ್ ಒಂದನ್ನು ಹಿಂಬದಿಯ ಬಾಗಿಲಿಗೆ ತಾಗಿಸಿ ಇಟ್ಟು, ಅದು ನಿಮ್ಮ ಯಾವುದಾದರೂ ಒಂದು ಕನ್ನಡಿಯಲ್ಲಿ ಕಾಣುವವರೆಗೆ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಸರಿಸುತ್ತ ಹೋಗಲಿ. ನೀವು “ಕಂಡಿತು” ಎಂದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಲಿ. ಹೀಗೆಯೇ ಎರಡೂ ಪಕ್ಕಗಳಲ್ಲಿ, ಮೂಲೆಗಳಲ್ಲಿ, ಬಾನೆಟ್ಟಿನ ಮುಂದೆಯೂ ಗುರುತುಗಳನ್ನು ಹಾಕಿ ಕೂಡಿಸಿದ ಮೇಲೆ ಕೆಳಗಿಳಿದು ಬಂದು ನೋಡಿ. ಗಾಡಿಯ ಸುತ್ತ ಆ ಗೆರೆಯ ಒಳಗಿರುವ ಅಷ್ಟೂ ಜಾಗದಲ್ಲಿ ಒಂದು ಮಗು ನಿಂತಿದ್ದರೂ ನಿಮಗೆ ಕಾಣುತ್ತಿರಲಿಲ್ಲ. ಹಿಂಬದಿಗೆ ಗೋಡೆಯಂತೆ ಹಬ್ಬಿರುವ ಆ ಖಾಲಿ ಜಾಗವನ್ನು ಒಮ್ಮೆ ಕಣ್ಣಾರೆ ಕಂಡವರು ರಿವರ್ಸ್ ಗೇರ್ ಹಾಕುವಾಗ ಆತುರ ಪಡುವುದು ಕಡಿಮೆ. ಕ್ಯಾಮೆರಾ ಇರುವ ಗಾಡಿಯಲ್ಲಿಯೂ ಈ ಅಭ್ಯಾಸವನ್ನು ಬಿಡಬಾರದು, ಏಕೆಂದರೆ ಮಳೆಹನಿ, ಕೆಸರು, ಎದುರು ಬಿಸಿಲು ಇವುಗಳಲ್ಲಿ ಯಾವುದಾದರೂ ಒಂದು ಸಾಕು ಕ್ಯಾಮೆರಾದ ಕಣ್ಣು ಮಸುಕಾಗಲು.

ದಿನವೂ ಹೊರಡುವ ಮುನ್ನ ಗಾಡಿಯನ್ನು ಒಂದು ಸುತ್ತು ಹಾಕಿ ನೋಡುವ ಪದ್ಧತಿಯನ್ನೂ ಇಲ್ಲಿಯೇ ಕಲಿಯಬೇಕು. ದೀಪಗಳು, ಇಂಡಿಕೇಟರ್, ವೈಪರ್, ಎಂಜಿನ್ ಆಯಿಲ್, ಕೂಲೆಂಟ್, ಗಾಡಿಯ ಅಡಿಯಲ್ಲಿ ಸೋರಿಕೆಯ ಕಲೆ, ಬಾಗಿಲುಗಳ ಚಿಲಕ ಇವನ್ನೆಲ್ಲ ಪ್ರತಿದಿನವೂ ಒಂದೇ ಜಾಗದಿಂದ ಆರಂಭಿಸಿ ಒಂದೇ ದಿಕ್ಕಿನಲ್ಲಿ ನೋಡುತ್ತ ಬಂದರೆ ಯಾವುದೂ ತಪ್ಪಿಹೋಗುವುದಿಲ್ಲ. ಟೈರುಗಳಿಗೆ ಮಾತ್ರ ಹೆಚ್ಚಿನ ಗಮನ ಬೇಕು. ಗಾಳಿಯ ಒತ್ತಡವನ್ನು ಟೈರ್ ತಣ್ಣಗಿರುವಾಗಲೇ ಅಳೆಯಬೇಕು, ಓಡಿ ಬಿಸಿಯಾದ ಮೇಲೆ ಅಳತೆ ಹೆಚ್ಚು ತೋರಿಸುತ್ತದೆ. ಎಷ್ಟು ಗಾಳಿ ಇರಬೇಕು ಎಂಬುದು ಸಾಮಾನ್ಯವಾಗಿ ಚಾಲಕರ ಬಾಗಿಲಿನ ಚೌಕಟ್ಟಿನಲ್ಲಿ ಬರೆದಿರುತ್ತದೆ, ಮತ್ತು ಹಲವು ವ್ಯಾನುಗಳಲ್ಲಿ ಖಾಲಿ ಗಾಡಿಗೆ ಒಂದು, ತುಂಬಿದ ಗಾಡಿಗೆ ಇನ್ನೊಂದು ಎಂದು ಎರಡು ಅಳತೆಗಳಿರುತ್ತವೆ. ಟೈರಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು ಎಂಬುದು ಅನೇಕ ದೇಶಗಳ ಕಾನೂನು. ಅದು ಕನಿಷ್ಠ ಮಿತಿಯಷ್ಟೇ. ಒದ್ದೆ ರಸ್ತೆಯಲ್ಲಿ ನೀರನ್ನು ಹೊರದಬ್ಬುವ ಶಕ್ತಿ ಅದಕ್ಕಿಂತ ಬಹಳ ಮೊದಲೇ ಕುಗ್ಗಿರುತ್ತದೆ, ಹಾಗಾಗಿ ಮಳೆಗಾಲಕ್ಕೆ ಮೊದಲು ಟೈರ್ ಬದಲಿಸಲು ಮಾಲೀಕರನ್ನು ಕೇಳುವುದರಲ್ಲಿ ಸಂಕೋಚ ಪಡಬೇಕಾಗಿಲ್ಲ.

ಅಂಗಳದಲ್ಲಿ ತಿರುವು ಮತ್ತು ರಿವರ್ಸ್

ವ್ಯಾನ್ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದಿಲ್ಲ, ತಿರುವಿನ ಒಳಬದಿಗೆ ಸರಿದು ಬರುತ್ತವೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಈ ಸರಿತ ಹೆಚ್ಚು. ಕಾರಿನ ರೂಢಿಯಲ್ಲಿ ಬೇಗ ಸ್ಟೇರಿಂಗ್ ತಿರುಗಿಸಿದರೆ ಹಿಂದಿನ ಗಾಲಿ ಕಾಲುದಾರಿಯ ಕಲ್ಲಿನ ಮೇಲೆ ಹತ್ತುತ್ತದೆ, ಅಥವಾ ಮೂಲೆಯಲ್ಲಿ ನಿಂತ ಕಂಬವನ್ನು ಗಾಡಿಯ ಪಕ್ಕೆ ಉಜ್ಜುತ್ತದೆ. ಇದಕ್ಕೆ ಪರಿಹಾರವೆಂದರೆ ಇನ್ನಷ್ಟು ಮುಂದಕ್ಕೆ ಹೋಗಿ, ಒಳಬದಿಯ ಕನ್ನಡಿಯಲ್ಲಿ ಹಿಂದಿನ ಗಾಲಿಯನ್ನು ನೋಡುತ್ತಲೇ ತಿರುಗಿಸುವುದು. ಇದರ ಜೊತೆಗೆ ಇನ್ನೊಂದು ಚಲನೆಯೂ ಇದೆ: ಹಿಂದಿನ ಗಾಲಿಯಿಂದ ಹಿಂದಕ್ಕೆ ಚಾಚಿರುವ ಭಾಗ ತಿರುವಿನ ವಿರುದ್ಧ ದಿಕ್ಕಿಗೆ ಬೀಸುತ್ತದೆ. ಗೋಡೆಗೆ ಒತ್ತಾಗಿ ನಿಲ್ಲಿಸಿದ ಉದ್ದನೆಯ ವ್ಯಾನನ್ನು ಒಮ್ಮೆಲೇ ಪೂರ್ತಿ ತಿರುಗಿಸಿ ಹೊರತೆಗೆದರೆ ಹಿಂಬದಿಯ ಮೂಲೆ ಆ ಗೋಡೆಗೇ ಬಡಿಯುವುದು ಈ ಕಾರಣದಿಂದ. ನಾಲ್ಕು ಕೋನ್‌ಗಳನ್ನಿಟ್ಟು ನಡೆದಾಡುವ ವೇಗದಲ್ಲಿ ಈ ಎರಡು ಚಲನೆಗಳು ಕಣ್ಣಿಗೆ ಒಗ್ಗುವವರೆಗೆ ಅಭ್ಯಾಸ ಮಾಡಬೇಕು.

ರಿವರ್ಸಿನ ವಿಷಯದಲ್ಲಿ ಮೊದಲ ನಿಯಮ, ಅದನ್ನು ಆದಷ್ಟು ತಪ್ಪಿಸುವುದು. ಸುತ್ತು ಹಾಕಿ ಬರುವ ದಾರಿ ಇದ್ದರೆ ಎರಡು ನಿಮಿಷ ಹೆಚ್ಚಾದರೂ ಅದನ್ನೇ ಹಿಡಿಯಿರಿ. ಮುಂದಕ್ಕೆ ಹೋದರೆ ಹಿಂದೆ ಸರಿದೇ ಬರಬೇಕಾದ ಓಣಿಯಾದರೆ, ಗಾಡಿಯನ್ನು ಓಣಿಯ ಬಾಯಲ್ಲೇ ನಿಲ್ಲಿಸಿ ಕೈಗಾಡಿಯಲ್ಲಿ ಸಾಮಾನು ಒಯ್ಯಬಹುದೇ ಎಂದು ಯೋಚಿಸಿ. ಹಿಂದಕ್ಕೆ ತೆಗೆಯಲೇಬೇಕಾದರೆ ಇಳಿದು ನೋಡಿ. ಹಿಂಬದಿಗೆ ನಡೆದು ಹೋಗಿ ನೆಲ, ಗೋಡೆ, ಮೇಲಿನ ತಂತಿ, ಜನರ ಓಡಾಟ ಎಲ್ಲವನ್ನೂ ನೋಡಿಕೊಂಡು ಬಂದು, ಆ ನೋಟ ಹಳತಾಗುವ ಮೊದಲೇ ಗಾಡಿಯನ್ನು ನಿಧಾನವಾಗಿ ಚಲಿಸಿ. ಕಿಟಕಿಯ ಗಾಜು ಇಳಿಸಿ, ಹಾಡು ನಿಲ್ಲಿಸಿ. ಯಾರಾದರೂ ಕೂಗಿದರೆ ಅದು ನಿಮಗೆ ಕೇಳಿಸಬೇಕು. ಹಿಂದೆ ನಿಂತು ಕೈಸನ್ನೆ ಮಾಡುವವರು ಇದ್ದರೆ ಸನ್ನೆಗಳ ಅರ್ಥವನ್ನು ಮೊದಲೇ ಮಾತಾಡಿಕೊಳ್ಳಬೇಕು, ಮತ್ತು ಅವರು ಕನ್ನಡಿಯಿಂದ ಮರೆಯಾದ ಕ್ಷಣವೇ ಬ್ರೇಕ್ ಒತ್ತಬೇಕು. ಈ ಕೊನೆಯ ಮಾತಿಗೆ ಯಾವ ವಿನಾಯಿತಿಯೂ ಇಲ್ಲ. ನಿಮಗೆ ಕಾಣದ ಸಹಾಯಕರು ಎಲ್ಲಿ ಬೇಕಾದರೂ ಇರಬಹುದು, ನಿಮ್ಮ ಗಾಡಿಗೂ ಗೋಡೆಗೂ ನಡುವೆಯೂ ಇರಬಹುದು.

ಸರಕು ತುಂಬುವುದೂ ಚಾಲನೆಯ ಭಾಗ

ಹೊಸ ಚಾಲಕರು ಸರಕು ತುಂಬುವುದನ್ನು ಗೋದಾಮಿನವರ ಕೆಲಸವೆಂದು ತಿಳಿದು ಚೀಟಿಗೆ ಸಹಿ ಹಾಕಿ ಹೊರಟುಬಿಡುತ್ತಾರೆ. ರಸ್ತೆಗೆ ಬಂದ ಮೇಲೆ ಆ ತೂಕದ ಹೊಣೆ ಚಾಲಕರದೇ. ಒಟ್ಟು ಅನುಮತಿಸಿದ ತೂಕ 3,500 ಕೆ.ಜಿ. ಇರುವ ಗಾಡಿ ಖಾಲಿಯಾಗಿ 2,100 ಕೆ.ಜಿ. ತೂಗುತ್ತಿದ್ದರೆ ಉಳಿಯುವುದು 1,400 ಕೆ.ಜಿ. ಮಾತ್ರ. ಜೊತೆಗೆ ಬರುವ ಸಹಾಯಕರು, ಕೈಗಾಡಿ, ಒಳಗೆ ಕೂರಿಸಿದ ಕಪಾಟುಗಳು ಎಲ್ಲವೂ ಅದರೊಳಗೇ ಸೇರಬೇಕು. ಒಳಗೆ ಇನ್ನೂ ಜಾಗ ಕಾಣಿಸುತ್ತಿದೆ ಎಂಬುದು ಇನ್ನೂ ತೂಕ ಹೇರಬಹುದು ಎಂಬುದಕ್ಕೆ ಆಧಾರವಾಗುವುದಿಲ್ಲ. ನೀರಿನ ಬಾಟಲಿಗಳು, ಕಾಗದದ ಬಂಡಲ್‌ಗಳು, ನೆಲಕ್ಕೆ ಹಾಸುವ ಟೈಲ್‌ಗಳು ಗಾಡಿ ಅರ್ಧ ತುಂಬುವ ಮೊದಲೇ ಮಿತಿಯನ್ನು ಮುಟ್ಟಿಸುತ್ತವೆ. ಒಟ್ಟು ತೂಕ ಮಿತಿಯೊಳಗೇ ಇದ್ದರೂ ಭಾರವೆಲ್ಲ ಹಿಂದಿನ ಗಾಲಿಗಳಿಗಿಂತ ಆಚೆ ಬಿದ್ದರೆ ಹಿಂದಿನ ಅಚ್ಚಿನ (ಆಕ್ಸಲ್) ಮಿತಿ ಮೀರಬಹುದು. ಆಗ ಮುಂಭಾಗ ಮೇಲೆದ್ದಂತಾಗಿ ಮುಂದಿನ ಟೈರುಗಳ ಮೇಲಿನ ಭಾರ ಕಡಿಮೆಯಾಗುತ್ತದೆ, ಸ್ಟೇರಿಂಗ್ ಹಗುರವೆನಿಸುತ್ತದೆ, ಬ್ರೇಕಿನ ಹಿಡಿತವೂ ಕುಗ್ಗುತ್ತದೆ. ಅನುಮಾನ ಬಂದಾಗ ವೇ ಬ್ರಿಡ್ಜಿಗೆ ಹೋಗಿ ತೂಗಿಸುವುದೇ ಸರಿಯಾದ ದಾರಿ.

ಭಾರವಾದ ಸಾಮಾನನ್ನು ನೆಲದ ಮೇಲೆ, ಚಾಲಕರ ಹಿಂದಿನ ತಡೆಗೋಡೆಗೆ ಒತ್ತಿಸಿ, ಎರಡು ಅಚ್ಚುಗಳ ನಡುವೆ ಬರುವಂತೆ ಇಡಬೇಕು. ಹಗುರವಾದವು ಅದರ ಮೇಲೆ ಬರಬೇಕು. ಭಾರ ಮೇಲೇರಿದಷ್ಟೂ ತಿರುವಿನಲ್ಲಿ ಗಾಡಿ ವಾಲುವುದು ಹೆಚ್ಚುತ್ತದೆ. ಬಿಗಿಯುವ ಪಟ್ಟಿಗಳನ್ನು ಕುರಿತು ಹಲವು ದೇಶಗಳ ಮಾರ್ಗಸೂಚಿಗಳು ಹೇಳುವ ಒಂದು ಸರಳ ಅಳತೆ ಇದೆ: ಸರಕಿನ ತೂಕದ ಶೇಕಡಾ 80ರಷ್ಟು ಬಲ ಮುಂದಕ್ಕೆ ತಳ್ಳಿದರೂ, ಅರ್ಧದಷ್ಟು ಬಲ ಪಕ್ಕಕ್ಕೆ ಅಥವಾ ಹಿಂದಕ್ಕೆ ತಳ್ಳಿದರೂ ಸಾಮಾನು ಅಲುಗಬಾರದು. ಮುಂದಕ್ಕೆ ಹೆಚ್ಚು ಬಲ ಏಕೆಂದರೆ, ಗಾಡಿ ಬ್ರೇಕ್ ಹಾಕಿ ನಿಂತರೂ ಕಟ್ಟದೆ ಬಿಟ್ಟ ಪೆಟ್ಟಿಗೆ ಅದೇ ವೇಗದಲ್ಲಿ ನಿಮ್ಮ ಬೆನ್ನಿನತ್ತ ಮುಂದುವರಿಯುತ್ತದೆ.

ಮೊದಲು ಇಳಿಸಬೇಕಾದ್ದನ್ನು ಕೊನೆಗೆ ತುಂಬುವುದು ಎಲ್ಲರಿಗೂ ತಿಳಿದ ಕ್ರಮ. ಆದರೆ ಹತ್ತಿಪ್ಪತ್ತು ಕಡೆ ಇಳಿಸಿದ ಮೇಲೆ ಬಿಗಿಯಾಗಿದ್ದ ಸಾಲಿನಲ್ಲಿ ಸಂದುಗಳು ಹುಟ್ಟಿಕೊಂಡು ಉಳಿದವು ಜಾರಾಡತೊಡಗುತ್ತವೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು, ನಡುವೆ ಒಂದೆರಡು ಬಾರಿ ಪಟ್ಟಿಗಳನ್ನು ಮತ್ತೆ ಬಿಗಿಯಬೇಕು. ಬೆಳಿಗ್ಗೆ ತುಂಬಿ ಹೊರಟ ಗಾಡಿ ಸಂಜೆ ಖಾಲಿಯಾಗುವುದರಿಂದ ಅದರ ನಡತೆಯೂ ದಿನವಿಡೀ ಬದಲಾಗುತ್ತದೆ. ತುಂಬಿದ ಗಾಡಿ ನಿಲ್ಲಲು ಹೆಚ್ಚು ದೂರ ಬೇಡುತ್ತದೆ, ಖಾಲಿ ಗಾಡಿ ಪಕ್ಕದಿಂದ ಬೀಸುವ ಗಾಳಿಗೆ ಸುಲಭವಾಗಿ ಸರಿಯುತ್ತದೆ. ತರಬೇತಿಯಲ್ಲಿ ಒಂದೇ ರಸ್ತೆಯನ್ನು ಎರಡೂ ಸ್ಥಿತಿಗಳಲ್ಲಿ ಓಡಿಸಿ ನೋಡುವುದು ಅಗತ್ಯ.

ರಸ್ತೆಯ ಮೇಲೆ ಕಣ್ಣು, ಅಂತರ, ವೇಗ

ವೇಗದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 15 ಮೀಟರ್ ಸಾಗಿರುತ್ತೀರಿ. ಪ್ರತಿ ಸೆಕೆಂಡಿಗೆ ಗಂಟೆಗೆ 18 ಕಿ.ಮೀ.ಯಷ್ಟು ವೇಗವನ್ನು ಕಳೆಯುವ ಗಟ್ಟಿ ಬ್ರೇಕ್ ಹಾಕಿದರೂ ಇನ್ನೂ 10 ಮೀಟರ್ ಬೇಕು, ಒಟ್ಟು 25 ಮೀಟರ್. ವೇಗ ದುಪ್ಪಟ್ಟಾಗಿ 72 ಕಿ.ಮೀ. ಆದರೆ ಯೋಚನೆಯ ದೂರ 30 ಮೀಟರ್ ಆಗುತ್ತದೆ, ಬ್ರೇಕಿನ ದೂರ ನಾಲ್ಕು ಪಟ್ಟು ಹೆಚ್ಚಿ 40 ಮೀಟರ್ ಆಗುತ್ತದೆ, ಒಟ್ಟು 70 ಮೀಟರ್. ಬ್ರೇಕಿನ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ ಎಂಬ ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ, ತಡವಾಗಿದೆಯೆಂದು ವೇಗ ಹೆಚ್ಚಿಸುವ ಮನಸ್ಸಾದಾಗ ಕಾಲು ತಾನಾಗಿ ತಡೆಯುತ್ತದೆ.

ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಮೇಲೆ ನೀವು ಅದೇ ಕಂಬವನ್ನು ತಲುಪಲು ಒಣ ರಸ್ತೆಯಲ್ಲಿ ಕನಿಷ್ಠ 2 ಸೆಕೆಂಡ್ ಹಿಡಿಯಬೇಕು. ತುಂಬಿದ ವ್ಯಾನಿಗೆ 3 ಸೆಕೆಂಡ್ ಒಳ್ಳೆಯದು, ಮಳೆಯಲ್ಲಿ 4 ಸೆಕೆಂಡಿಗೆ ಕಡಿಮೆ ಬೇಡ. ಮಳೆ ಬಿದ್ದ ಆರಂಭದಲ್ಲಿ ರಸ್ತೆಯ ಮೇಲಿನ ಎಣ್ಣೆ ಮತ್ತು ಧೂಳು ನೀರಿನೊಂದಿಗೆ ಕಲೆತು ಜಾರಿಕೆ ಹೆಚ್ಚಿರುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಯೇ ಹಿಡಿದು ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ, ಮೊದಲೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿನಿಂದಲೇ ವೇಗವನ್ನು ತಡೆಹಿಡಿಯಬೇಕು. ಎಬಿಎಸ್ (ಗಟ್ಟಿ ಬ್ರೇಕ್ ಹಾಕಿದಾಗ ಚಕ್ರಗಳು ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ತುರ್ತಾಗಿ ನಿಲ್ಲಿಸಬೇಕಾದಾಗ ಪೆಡಲನ್ನು ಗಟ್ಟಿಯಾಗಿ ಒತ್ತಿಯೇ ಹಿಡಿಯಬೇಕು, ಕಾಲಿನಡಿ ಅದು ನಡುಗಿದರೆ ಗಾಬರಿಯಾಗಿ ಬಿಡಬಾರದು. ಖಾಲಿ ಮೈದಾನದಲ್ಲಿ ಇದನ್ನು ಒಮ್ಮೆಯಾದರೂ ಮಾಡಿ ನೋಡದವರು ನಿಜವಾದ ಪ್ರಸಂಗದಲ್ಲಿ ಆ ನಡುಕಕ್ಕೆ ಹೆದರಿ ಕಾಲು ಎತ್ತಿಬಿಡುತ್ತಾರೆ.

ಅಮೆರಿಕದ ಹೆರಾಲ್ಡ್ ಸ್ಮಿತ್ 1952ರಲ್ಲಿ ವೃತ್ತಿ ಚಾಲಕರಿಗಾಗಿ ಆರಂಭಿಸಿದ ತರಬೇತಿಯಲ್ಲಿ ಐದು ಸೂತ್ರಗಳಿದ್ದವು, ಅವು ಇಂದಿಗೂ ಬಳಕೆಯಲ್ಲಿವೆ. ದೂರಕ್ಕೆ ದೃಷ್ಟಿ ಇಡುವುದು, ಸುತ್ತಲಿನ ಪೂರ್ತಿ ಚಿತ್ರವನ್ನು ಗ್ರಹಿಸುವುದು, ಕಣ್ಣನ್ನು ಒಂದೇ ಕಡೆ ನೆಡದೆ ಚಲಿಸುತ್ತಿರುವುದು, ತಪ್ಪಿಸಿಕೊಳ್ಳಲು ಒಂದು ಪಕ್ಕದಲ್ಲಿ ಜಾಗ ಉಳಿಸಿಕೊಳ್ಳುವುದು, ಇತರರು ನಮ್ಮನ್ನು ಕಂಡಿದ್ದಾರೆಂದು ಖಚಿತಪಡಿಸಿಕೊಳ್ಳುವುದು. ಇವುಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಗಾಡಿ ಓಡಿಸುತ್ತಲೇ ಕಂಡದ್ದನ್ನು ಗಟ್ಟಿಯಾಗಿ ಹೇಳುತ್ತ ಹೋಗುವ ಅಭ್ಯಾಸ ಹೆಚ್ಚು ಫಲ ಕೊಡುತ್ತದೆ. “ಮುಂದೆ ನಿಂತ ಬಸ್ಸು, ಅದರ ಮುಂದಿನಿಂದ ಜನ ಬರಬಹುದು, ವೇಗ ಇಳಿಸುತ್ತಿದ್ದೇನೆ, ಕನ್ನಡಿಯಲ್ಲಿ ಬೈಕ್, ಹಾದುಹೋಗಲಿ” ಎಂದು ಮಾತಾಡುತ್ತ ಓಡಿಸುವಾಗ ಪಕ್ಕದಲ್ಲಿ ಕುಳಿತ ತರಬೇತುದಾರರಿಗೆ ನೀವು ಯಾವುದನ್ನು ಕಂಡಿಲ್ಲ ಎಂಬುದು ತಕ್ಷಣ ತಿಳಿಯುತ್ತದೆ. ಮೊದಮೊದಲು ಮುಜುಗರವಾದರೂ, ನೋಟವನ್ನು ತಿದ್ದಲು ನನಗೆ ಗೊತ್ತಿರುವ ಅತ್ಯುತ್ತಮ ವಿಧಾನ ಇದು.

ಒಂದು ನಿಲುಗಡೆ, ಹಂತ ಹಂತವಾಗಿ

ವಿಳಾಸವನ್ನು ಹುಡುಕುವ ಕೆಲಸ ಗಾಡಿ ಚಲಿಸುವ ಮೊದಲೇ ಮುಗಿದಿರಬೇಕು. ಮುಂದಿನ ಮನೆ ಅಥವಾ ಅಂಗಡಿ ರಸ್ತೆಯ ಯಾವ ಬದಿಗಿದೆ, ಅಲ್ಲಿ ನಿಲ್ಲಲು ಜಾಗ ಎಲ್ಲಿರಬಹುದು, ಹೊರಬರುವ ದಾರಿ ಯಾವುದು ಎಂದು ನಿಂತಲ್ಲೇ ನಕ್ಷೆಯಲ್ಲಿ ನೋಡಿಕೊಂಡು, ಫೋನನ್ನು ಅದರ ಹಿಡಿಕೆಗೆ ಸಿಕ್ಕಿಸಿ ಹೊರಡಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ 2 ಸೆಕೆಂಡ್ ಫೋನ್ ನೋಡಿದರೆ ಸುಮಾರು 28 ಮೀಟರ್ ದೂರವನ್ನು ನೀವು ಕಣ್ಣುಮುಚ್ಚಿ ಓಡಿಸಿದಂತೆಯೇ. ಎದುರು ಬರುವ ವಾಹನಗಳನ್ನು ಅಡ್ಡ ಹಾಯ್ದು ತಿರುಗುವ ಪ್ರಸಂಗಗಳು ಕಡಿಮೆಯಾಗುವಂತೆ ದಾರಿಯನ್ನು ಜೋಡಿಸಿಕೊಂಡರೆ ಸಮಯವೂ ಇಂಧನವೂ ಉಳಿಯುತ್ತವೆ. ದೊಡ್ಡ ಪಾರ್ಸೆಲ್ ಸಂಸ್ಥೆಯಾದ ಯುಪಿಎಸ್ ತನ್ನ ದಾರಿಗಳನ್ನು ಹೀಗೆಯೇ ರೂಪಿಸುತ್ತದೆ. ಮನೆ ದಾಟಿಹೋದದ್ದು ಗೊತ್ತಾದರೆ ಬ್ರೇಕ್ ಒತ್ತಬೇಡಿ, ಮುಂದೆ ಹೋಗಿ ಸುತ್ತಿಕೊಂಡು ಬನ್ನಿ.

ನಿಲ್ಲುವ ಜಾಗವನ್ನು ಆರಿಸುವಾಗ ನಿಮಗೆ ಎಷ್ಟು ಹತ್ತಿರ ಎಂಬುದರ ಜೊತೆಗೆ, ಅಲ್ಲಿ ನಿಂತ ನಿಮ್ಮ ಗಾಡಿ ಯಾರ ದೃಷ್ಟಿಯನ್ನು ತಡೆಯುತ್ತದೆ ಎಂಬುದನ್ನೂ ಕೇಳಿಕೊಳ್ಳಬೇಕು. ಎತ್ತರದ ವ್ಯಾನ್ ಪಾದಚಾರಿ ದಾಟುಪಟ್ಟಿಯ ಪಕ್ಕದಲ್ಲಿ, ತಿರುವಿನ ಮೂಲೆಯಲ್ಲಿ, ಶಾಲೆಯ ಗೇಟಿನ ಎದುರು ನಿಂತರೆ ದಾಟುವ ಮಗುವಿಗೆ ಬರುವ ವಾಹನ ಕಾಣುವುದಿಲ್ಲ, ಬರುವವರಿಗೆ ಮಗು ಕಾಣುವುದಿಲ್ಲ. ಎಚ್ಚರಿಕೆಯ ದೀಪಗಳನ್ನು ಮಿಣುಕಿಸಿದ ಮಾತ್ರಕ್ಕೆ ಆ ಜಾಗ ಸುರಕ್ಷಿತವಾಗುವುದಿಲ್ಲ. ಐವತ್ತು ಹೆಜ್ಜೆ ಆಚೆ ನಿಲ್ಲಿಸಿ ನಡೆದುಹೋಗುವುದನ್ನು ಕೆಲಸದ ಭಾಗವೆಂದೇ ಎಣಿಸಬೇಕು.

ಗಾಡಿ ನಿಂತ ಮೇಲಿನ ಕ್ರಮ ಪ್ರತಿ ಬಾರಿಯೂ ಒಂದೇ ಆಗಿರಲಿ: ಕಾಲು ಬ್ರೇಕಿನ ಮೇಲೆ ಇರುವಾಗಲೇ ಹ್ಯಾಂಡ್ ಬ್ರೇಕ್, ಇಳಿಜಾರಾದರೆ ಗಾಡಿ ಉರುಳಿದರೂ ರಸ್ತೆಯಂಚಿಗೆ ಒರಗುವಂತೆ ಚಕ್ರಗಳನ್ನು ತಿರುಗಿಸುವುದು, ಆಟೊಮ್ಯಾಟಿಕ್ ಆದರೆ ಪಾರ್ಕ್, ನಂತರ ಎಂಜಿನ್ ಬಂದ್, ಗೇರಿನ ಗಾಡಿಯಾದರೆ ಮೊದಲನೆಯ ಅಥವಾ ರಿವರ್ಸ್ ಗೇರ್, ಕೊನೆಗೆ ಕೀಲಿ ಜೇಬಿಗೆ. ಅರ್ಧ ನಿಮಿಷದ ಕೆಲಸವೆಂದು ಇವುಗಳಲ್ಲಿ ಒಂದನ್ನು ಬಿಟ್ಟಾಗಲೇ ಗಾಡಿ ತಾನಾಗಿ ಉರುಳುತ್ತದೆ. ಉರುಳುವ ಗಾಡಿಯನ್ನು ಕೈಯಿಂದ ತಡೆಯಲು ಅಥವಾ ಓಡಿ ಹತ್ತಲು ಎಂದಿಗೂ ಹೋಗಬಾರದು. ಎರಡು ಟನ್ ತೂಕದ ಎದುರು ಮನುಷ್ಯನ ಬಲ ಲೆಕ್ಕಕ್ಕೇ ಇಲ್ಲ. ವಿದ್ಯುತ್ ವ್ಯಾನುಗಳಲ್ಲಿ ಸದ್ದೇ ಇಲ್ಲದ ಕಾರಣ ಗಾಡಿ ಚಾಲೂ ಇದೆಯೆಂಬುದೇ ಮರೆತುಹೋಗಬಹುದು, ಆದ್ದರಿಂದ ಇಳಿಯುವ ಮುನ್ನ ಡ್ಯಾಶ್‌ಬೋರ್ಡ್ ಆರಿದೆಯೇ ಎಂದು ನೋಡಬೇಕು.

ಬಾಗಿಲು ತೆರೆಯುವ ಮೊದಲು ಕನ್ನಡಿ, ನಂತರ ಹೆಗಲ ಮೇಲಿನಿಂದ ಹಿಂದಕ್ಕೆ ಒಂದು ನೋಟ. ಬಾಗಿಲಿನಿಂದ ದೂರವಿರುವ ಕೈಯಿಂದ ಹಿಡಿಕೆಯನ್ನು ಹಿಡಿದರೆ ಮೈ ತಾನಾಗಿಯೇ ಹಿಂದಕ್ಕೆ ಹೊರಳಿ ಸೈಕಲ್ ಸವಾರರು ಕಣ್ಣಿಗೆ ಬೀಳುತ್ತಾರೆ. ಇಳಿಯುವಾಗ ಗಾಡಿಗೆ ಮುಖ ಮಾಡಿ, ಎರಡು ಕೈ ಮತ್ತು ಒಂದು ಕಾಲು ಅಥವಾ ಎರಡು ಕಾಲು ಮತ್ತು ಒಂದು ಕೈ ಯಾವಾಗಲೂ ಗಾಡಿಗೆ ತಾಗಿರುವಂತೆ ಇಳಿಯಬೇಕು. ಹಾರಿ ಇಳಿಯುವುದನ್ನು ದಿನವೂ ಮಾಡಿದರೆ ಮೊಣಕಾಲು ಮತ್ತು ಹಿಮ್ಮಡಿ ಅದರ ಬೆಲೆ ತೆರುತ್ತವೆ. ಯುಪಿಎಸ್ ತರಬೇತಿ ಕೇಂದ್ರದಲ್ಲಿ ಹೊಸಬರನ್ನು ಜಾರುವ ನೆಲದ ಮೇಲೆ ನಡೆಸಿ ಅಭ್ಯಾಸ ಮಾಡಿಸುವುದನ್ನು ನೆನೆದರೆ, ಬೀಳುವ ಅಪಾಯಕ್ಕೆ ಈ ವೃತ್ತಿಯಲ್ಲಿ ಎಷ್ಟು ತೂಕವಿದೆ ಎಂಬುದು ತಿಳಿಯುತ್ತದೆ.

ಮರಳಿ ಬಂದಾಗ ನೇರವಾಗಿ ಆಸನಕ್ಕೆ ಹತ್ತಬೇಡಿ. ಹಿಂಬಾಗಿಲ ಚಿಲಕವನ್ನು ಎಳೆದು ನೋಡಿ, ಗಾಡಿಯ ಸುತ್ತ ಒಮ್ಮೆ ನಡೆದು ಬನ್ನಿ. ನೀವು ಒಳಗೆ ಹೋಗಿದ್ದ ಎರಡು ನಿಮಿಷದಲ್ಲಿ ಗಾಡಿಯ ಹಿಂದೆ ಮಗು ಬಂದು ಕುಳಿತಿರಬಹುದು, ಅಡಿಯಲ್ಲಿ ನಾಯಿ ಮಲಗಿರಬಹುದು. ಮೊದಲ ಪಾಠದಲ್ಲಿ ಸೀಮೆಸುಣ್ಣದಿಂದ ಬರೆದ ಆ ಗೆರೆಯ ಒಳಗನ್ನು ನೋಡಲು ಈ ಸುತ್ತಿನ ಹೊರತು ಬೇರೆ ದಾರಿಯಿಲ್ಲ. ಹತ್ತಿದ ಮೇಲೆ ಸೀಟ್ ಬೆಲ್ಟ್. ವೋಲ್ವೊ ಸಂಸ್ಥೆಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟ್ 1959ರಿಂದ ಅಸಂಖ್ಯ ಜೀವಗಳನ್ನು ಉಳಿಸಿದೆ. ಮುಂದಿನ ಮನೆ ನೂರು ಮೀಟರ್ ದೂರದಲ್ಲೇ ಇದ್ದರೂ ಅದನ್ನು ಹಾಕಿಕೊಳ್ಳಬೇಕು, ಏಕೆಂದರೆ ನಿಮಗೆ ಬಂದು ಗುದ್ದುವ ಇನ್ನೊಬ್ಬರ ವೇಗ ನಿಮ್ಮ ದೂರವನ್ನು ಕೇಳುವುದಿಲ್ಲ. ಆಮೇಲೆ ಇಂಡಿಕೇಟರ್, ಕನ್ನಡಿ, ಹೆಗಲ ನೋಟ, ನಿಧಾನವಾದ ಹೊರಡುವಿಕೆ.

ಇಷ್ಟನ್ನೂ ಓದುವಾಗ ದೀರ್ಘವೆನಿಸುತ್ತದೆ. ಅಭ್ಯಾಸವಾದ ಮೇಲೆ ಪ್ರತಿ ನಿಲುಗಡೆಗೆ ಹಿಡಿಯುವುದು ಕೆಲವೇ ಸೆಕೆಂಡುಗಳು. ತರಬೇತಿಯಲ್ಲಿ ಒಂದು ಇಡೀ ಮಧ್ಯಾಹ್ನವನ್ನು ಖಾಲಿ ಪೆಟ್ಟಿಗೆಗಳೊಂದಿಗೆ ಬರೀ ನಿಲ್ಲಿಸುವುದು, ಇಳಿಯುವುದು, ಸುತ್ತು ಹಾಕುವುದು, ಹೊರಡುವುದು ಇದಕ್ಕೇ ಮೀಸಲಿಟ್ಟರೆ ಕ್ರಮ ಕೈಕಾಲುಗಳಿಗೆ ಇಳಿಯುತ್ತದೆ.

ಮೈ ಮತ್ತು ನಿದ್ದೆ

ಭಾರ ಎತ್ತುವಾಗ ಕಾಲುಗಳನ್ನು ಸ್ವಲ್ಪ ಅಗಲಿಸಿ, ಮೊಣಕಾಲು ಬಗ್ಗಿಸಿ, ಪೆಟ್ಟಿಗೆಯನ್ನು ಮೈಗೆ ಒತ್ತಿಕೊಂಡು ಎತ್ತಬೇಕು. ತಿರುಗಬೇಕಾದರೆ ಸೊಂಟ ತಿರುಚದೆ ಪಾದಗಳನ್ನು ಸರಿಸಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ತನ್ನ ಲೆಕ್ಕದಲ್ಲಿ ಎಲ್ಲ ಅನುಕೂಲಗಳೂ ಇರುವ ಸ್ಥಿತಿಗೆ ಇಟ್ಟುಕೊಂಡಿರುವ ಮಿತಿ 23 ಕೆ.ಜಿ. ಮೆಟ್ಟಿಲು, ಇಕ್ಕಟ್ಟು, ಪದೇ ಪದೇ ಎತ್ತುವಿಕೆ ಸೇರಿದಂತೆಲ್ಲ ಅದು ಇಳಿಯುತ್ತ ಹೋಗುತ್ತದೆ. ಅದಕ್ಕಿಂತ ಭಾರವಾದದ್ದಕ್ಕೆ ಕೈಗಾಡಿ ಅಥವಾ ಇನ್ನೊಬ್ಬರ ಕೈ ಬೇಕು.

ನಿದ್ದೆಗೆಟ್ಟು ಓಡಿಸುವುದು ಕುಡಿದು ಓಡಿಸಿದಂತೆಯೇ ಎಂಬ ಮಾತಿಗೆ ಪ್ರಯೋಗದ ಆಧಾರವಿದೆ: ಸತತ 17 ಗಂಟೆ ಎಚ್ಚರವಾಗಿದ್ದವರ ಚುರುಕುತನ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಕುಸಿದಿರುತ್ತದೆ ಎಂದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಸುಕಿನ ಹೊತ್ತು ಮತ್ತು ಮಧ್ಯಾಹ್ನದ ನಂತರದ ಒಂದೆರಡು ಗಂಟೆ ದೇಹ ಸಹಜವಾಗಿಯೇ ಮಂಕಾಗುವ ಕಾಲ. ಕಣ್ಣು ಎಳೆಯತೊಡಗಿದರೆ ಕಿಟಕಿ ತೆರೆಯುವುದರಿಂದ, ಹಾಡು ಹಾಕುವುದರಿಂದ ಏನೂ ಆಗುವುದಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಒಂದು ಕಪ್ ಕಾಫಿ ಕುಡಿದು 15ರಿಂದ 20 ನಿಮಿಷ ಮಲಗಿ. ಕಾಫಿ ಪರಿಣಾಮ ಬೀರಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕಾಗುವುದರಿಂದ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಇದು ತಾತ್ಕಾಲಿಕ ಉಪಾಯ ಮಾತ್ರ, ರಾತ್ರಿಯ ನಿದ್ದೆಗೆ ಬದಲಿಯಲ್ಲ.

ಒಬ್ಬರೇ ಹೊರಡುವ ಮೊದಲು ಮತ್ತು ನಂತರ

ಅಂಗಳದ ಪಾಠಗಳು ಮುಗಿದ ಮೇಲೆ ಅನುಭವಿ ಚಾಲಕರ ಪಕ್ಕದಲ್ಲಿ ಕುಳಿತು ಅವರ ಒಂದು ದಿನದ ಕೆಲಸವನ್ನು ನೋಡಬೇಕು, ಆಮೇಲೆ ನೀವು ಓಡಿಸಿ ಅವರು ಪಕ್ಕದಲ್ಲಿ ಕುಳಿತು ನೋಡಬೇಕು. ಒಬ್ಬರೇ ಹೊರಡುವ ಮೊದಲ ವಾರಗಳಲ್ಲಿ ವಿಳಾಸಗಳ ಸಂಖ್ಯೆ ಕಡಿಮೆ ಇರುವಂತೆ ಮೇಲ್ವಿಚಾರಕರನ್ನು ಕೇಳಿಕೊಳ್ಳಿ. ಕಲಿಯುವವರ ಮೇಲೆ ಮೊದಲ ದಿನದಿಂದಲೇ ಪೂರ್ತಿ ಹೊರೆ ಹಾಕುವ ಕಡೆ ಈ ಬರಹದ ಯಾವ ಕ್ರಮವೂ ಉಳಿಯುವುದಿಲ್ಲ, ಮತ್ತು ಅದರ ತಪ್ಪು ಚಾಲಕರದಲ್ಲ ಎಂದು ನಾನು ಒತ್ತಿ ಹೇಳುತ್ತೇನೆ.

ಒಂದು ಚಿಕ್ಕ ಪುಸ್ತಕದಲ್ಲಿ, ಅಪಘಾತವಾಗದೆ ಕೂದಲೆಳೆಯಲ್ಲಿ ತಪ್ಪಿದ ಪ್ರಸಂಗಗಳನ್ನು ಅಂದಂದೇ ಬರೆದಿಡಿ: ಎಲ್ಲಿ, ಎಷ್ಟು ಹೊತ್ತಿಗೆ, ಏನು ಕಂಡಿರಲಿಲ್ಲ, ಯಾವ ಹಂತವನ್ನು ಬಿಟ್ಟಿದ್ದಿರಿ. ವಾರಕ್ಕೊಮ್ಮೆ ಅದನ್ನು ತರಬೇತುದಾರರ ಜೊತೆ ಓದಿದರೆ, ಒಂದೇ ಹೊತ್ತಿನಲ್ಲಿ ಅಥವಾ ಒಂದೇ ಬಗೆಯ ಜಾಗದಲ್ಲಿ ಅವು ಮರುಕಳಿಸುತ್ತಿರುವುದು ಕಣ್ಣಿಗೆ ಬೀಳುತ್ತದೆ. ಊಟಕ್ಕೆ ಮುಂಚಿನ ಗಂಟೆಯಲ್ಲಿ ಹೆಚ್ಚಾಗಿದ್ದರೆ ಬಿಡುವನ್ನು ಸ್ವಲ್ಪ ಮೊದಲೇ ತೆಗೆದುಕೊಳ್ಳಿ. ಒಂದೇ ಓಣಿಯಲ್ಲಿ ರಿವರ್ಸ್ ಮಾಡುವಾಗ ಎರಡನೆಯ ಬಾರಿಯೂ ಹಾಗಾಗಿದ್ದರೆ ಆ ವಿಳಾಸದ ಪಕ್ಕದಲ್ಲಿ “ಓಣಿಯ ಹೊರಗೆ ನಿಲ್ಲಿಸಿ ನಡೆದು ಹೋಗುವುದು” ಎಂದು ದಾರಿಪಟ್ಟಿಯಲ್ಲೇ ಬರೆಸಿ, ಮುಂದೆ ಆ ದಾರಿಗೆ ಬರುವ ಹೊಸ ಚಾಲಕರಿಗೂ ಅದು ಸಿಗುವಂತೆ ಮಾಡಿ.